ಮೊಬೈಲ್ ಗಣಕಗಳೊಡನೆ ಪ್ರಕಟ ಮತ್ತು ಸೂಚ್ಯ ಒಡನಾಟ: ಸಿಂಧನೂರು, ಲಿಂಗಸುಗೂರು, ಮಸ್ಕಿ

ಮೊಬೈಲ್ ಗಣಕ ಸಾಧನಕ್ಕೆ ಬಳಕೆದಾರರು ತಿಳಿದೇ ಆಜ್ಞೆ ಕೊಟ್ಟು ಕೆಲಸ ಮಾಡಿಸಿಕೊಳ್ಳುವುದು ಪ್ರಕಟ ಒಡನಾಟ. ಆಜ್ಞೆ ಕೊಡುವ ಉದ್ದೇಶವಿಲ್ಲದೆ ಅವರು ಇರುವ ಜಾಗ, ನಡೆಯುವ ವೇಗ, ಸಾಧನವನ್ನು ಹಿಡಿದ ರೀತಿ, ಪರದೆಯ ಮುಂದೆ ಕಳೆದ ಹೊತ್ತು ಮುಂತಾದವನ್ನು ಸಾಧನವೇ ಗ್ರಹಿಸಿ ಅದಕ್ಕೆ ತಕ್ಕಂತೆ ವರ್ತಿಸುವುದು ಸೂಚ್ಯ ಒಡನಾಟ. ಬೆರಳಿನಿಂದ ಸಂಖ್ಯೆ ಒತ್ತಿ ಕರೆ ಮಾಡುವುದು ಮೊದಲನೆಯದು. ಫೋನನ್ನು ಕಿವಿಗೆ ಹಿಡಿದೊಡನೆ ಪರದೆ ತಾನಾಗಿ ಆರುವುದು ಎರಡನೆಯದು. ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳಲ್ಲಿ ಬೆಳೆ ಸಮೀಕ್ಷೆ, ಉದ್ಯೋಗ ಖಾತ್ರಿ ಹಾಜರಿ, ಪಂಪ್‌ಸೆಟ್ ನಿರ್ವಹಣೆ, ಅಂಗಡಿಯ ಹಣ ಪಾವತಿ ಮೊದಲಾದ ದಿನನಿತ್ಯದ ಕೆಲಸಗಳಲ್ಲಿ ಈ ಎರಡೂ ಬಗೆಗಳು ಬೆರೆತು ಬಳಕೆಯಲ್ಲಿವೆ.

ಪರಿಭಾಷೆ

ಈ ಲೇಖನದಲ್ಲಿ ಮೊಬೈಲ್ ಗಣಕ ಎಂದರೆ ಸ್ಮಾರ್ಟ್‌ಫೋನ್, ಟ್ಯಾಬ್ಲೆಟ್, ಕೈಗಡಿಯಾರದ ರೂಪದ ಸಾಧನ ಮತ್ತು ಇಂಟರ್ನೆಟ್ ಸೌಲಭ್ಯವಿರುವ ಕೀಪ್ಯಾಡ್ ಫೋನ್. ಆಡುಮಾತಿನಲ್ಲಿ ಸ್ಮಾರ್ಟ್‌ಫೋನಿಗೆ ‘ಟಚ್ ಫೋನ್’ ಎಂದೂ ಹಳೆಯ ಬಗೆಗೆ ‘ಬಟನ್ ಫೋನ್’ ಎಂದೂ ಹೇಳುತ್ತಾರೆ. ಸಾಧನ ತನ್ನ ಸುತ್ತಲಿನ ಸ್ಥಿತಿಯನ್ನು ಅಳೆಯಲು ಬಳಸುವ ಬಿಡಿಭಾಗ ಸಂವೇದಕ. ಸ್ಥಳ, ಸಮಯ, ಬೆಳಕು, ಚಲನೆ, ಜೊತೆಗಿರುವವರು ಇವೆಲ್ಲ ಸೇರಿ ಸಂದರ್ಭ. ಒಬ್ಬರ ಪರವಾಗಿ ಇನ್ನೊಬ್ಬರು ಸಾಧನವನ್ನು ನಡೆಸಿದರೆ ಅದನ್ನು ಇಲ್ಲಿ ಮಧ್ಯಸ್ಥ ಒಡನಾಟ ಎಂದು ಕರೆಯಲಾಗಿದೆ.

ಸೂಚ್ಯ ಒಡನಾಟವೆಂದರೆ ಗುಟ್ಟಿನದು ಎಂದಲ್ಲ. ಸಾಧನ ಏನನ್ನು ಗ್ರಹಿಸುತ್ತಿದೆ ಎಂಬುದು ಬಳಕೆದಾರರಿಗೆ ಚೆನ್ನಾಗಿ ಗೊತ್ತಿರಬಹುದು. ಆ ಕ್ಷಣದಲ್ಲಿ ಅವರ ಗಮನ ಸಾಧನದ ಮೇಲಿಲ್ಲದೆ ಬೇರೆ ಕೆಲಸದ ಮೇಲಿರುತ್ತದೆ ಎಂಬುದಷ್ಟೇ ವ್ಯತ್ಯಾಸ.

ಉಗಮ ಮತ್ತು ಬೆಳವಣಿಗೆ

ಕಣ್ಣಿಗೆ ಬೀಳದಂತೆ ಬದುಕಿನ ಹಿನ್ನೆಲೆಯಲ್ಲಿ ಕೆಲಸ ಮಾಡುವ ಗಣಕದ ಕಲ್ಪನೆಯನ್ನು ಅಮೆರಿಕದ ಝೆರಾಕ್ಸ್ ಪಾರ್ಕ್ ಪ್ರಯೋಗಾಲಯದ ಮಾರ್ಕ್ ವೈಸರ್ 1991ರಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯ ಲೇಖನದಲ್ಲಿ ಮಂಡಿಸಿದರು. ಅದೇ ಕಾಲಕ್ಕೆ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಆಲಿವೆಟ್ಟಿ ಪ್ರಯೋಗಾಲಯದಲ್ಲಿ ರಾಯ್ ವಾಂಟ್ ಮತ್ತು ಸಂಗಡಿಗರು ‘ಆಕ್ಟಿವ್ ಬ್ಯಾಡ್ಜ್’ ಎಂಬ ಬಿಲ್ಲೆಯನ್ನು ರೂಪಿಸಿದ್ದರು. ಅದನ್ನು ಧರಿಸಿದ ನೌಕರ ಯಾವ ಕೋಣೆಯಲ್ಲಿದ್ದಾನೆ ಎಂದು ಅವಕೆಂಪು ಕಿರಣಗಳ ಮೂಲಕ ತಿಳಿದು, ಅವನಿಗೆ ಬಂದ ಕರೆಯನ್ನು ಆ ಕೋಣೆಗೆ ಕಳಿಸಬಹುದಾಗಿತ್ತು. 1994ರಲ್ಲಿ ಬಿಲ್ ಶಿಲಿಟ್ ಮೊದಲಾದವರು ಸಂದರ್ಭವನ್ನು ಅರಿಯುವ ಗಣಕಗಳ ವರ್ಗೀಕರಣವನ್ನು ಪ್ರಕಟಿಸಿದರು. ಸೂಚ್ಯ ಒಡನಾಟಕ್ಕೆ ಇಂದಿಗೂ ಉಲ್ಲೇಖವಾಗುವ ವ್ಯಾಖ್ಯೆ ಜರ್ಮನಿಯ ಆಲ್ಬ್ರೆಕ್ಟ್ ಶ್ಮಿಟ್ 2000ದಲ್ಲಿ ಕೊಟ್ಟದ್ದು: ಗಣಕವನ್ನು ಉದ್ದೇಶಿಸದೆ ಮಾಡಿದ ಕ್ರಿಯೆಯನ್ನೂ ಗಣಕ ತನಗೆ ಬಂದ ಮಾಹಿತಿಯೆಂದು ತಿಳಿಯುವುದು. ಅದೇ ವರ್ಷ ಮೈಕ್ರೋಸಾಫ್ಟ್ ಸಂಶೋಧನಾ ವಿಭಾಗದ ಕೆನ್ ಹಿಂಕ್ಲಿ ತಂಡ ಅಂಗೈಯಲ್ಲಿ ಹಿಡಿಯುವ ಗಣಕಕ್ಕೆ ವಾಲು, ಸಾಮೀಪ್ಯ ಮತ್ತು ಸ್ಪರ್ಶದ ಸಂವೇದಕಗಳನ್ನು ಜೋಡಿಸಿತು. ಅಡ್ಡ ತಿರುಗಿಸಿದರೆ ಚಿತ್ರವೂ ತಿರುಗುವುದು, ಫೋನಿನಂತೆ ಮುಖದ ಬಳಿ ಹಿಡಿದರೆ ಧ್ವನಿಮುದ್ರಣ ಶುರುವಾಗುವುದು ಆ ಮಾದರಿಯಲ್ಲಿ ಸಾಧ್ಯವಾಗಿತ್ತು. 2007ರ ಐಫೋನಿನಿಂದ ಇಂಥ ಸಂವೇದಕಗಳು ಜನಸಾಮಾನ್ಯರ ಜೇಬಿಗೆ ಬಂದವು.

ಜನಬಳಕೆಯಲ್ಲಿ ಪ್ರಕಟ ಒಡನಾಟ ಐಫೋನಿಗಿಂತ ಹಳೆಯದು. ಸ್ಪರ್ಶ ಪರದೆಯಿದ್ದ ಐಬಿಎಂ ಸೈಮನ್ ಫೋನ್ 1994ರಲ್ಲೇ ಮಾರಾಟಕ್ಕಿತ್ತು. ಭಾರತದಲ್ಲಿ ಮೊದಲ ಮೊಬೈಲ್ ಕರೆ ನಡೆದದ್ದು 1995ರ ಜುಲೈ 31ರಂದು. ಅಂದಿನಿಂದ ಸುಮಾರು ಎರಡು ದಶಕ ಸಾಮಾನ್ಯ ಬಳಕೆ ಗುಂಡಿ ಒತ್ತುವುದಕ್ಕೆ ಸೀಮಿತವಾಗಿತ್ತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಸೇವೆ ಆರಂಭವಾಗಿ ಡೇಟಾ ದರ ಕುಸಿಯಿತು. ನಿರಂತರವಾಗಿ ಸ್ಥಳ ಮತ್ತು ಚಟುವಟಿಕೆಯ ಮಾಹಿತಿ ಕಳಿಸುವ ಆ್ಯಪ್‌ಗಳು ಹಳ್ಳಿಗಳಲ್ಲಿ ನೆಲೆಯೂರಲು ಇದೇ ಮುಖ್ಯ ಕಾರಣ.

ರಚನೆ

ಪ್ರಕಟ ಒಡನಾಟದ ಸರಣಿ ಚಿಕ್ಕದು: ಬಳಕೆದಾರರ ಕ್ರಿಯೆ, ಸಾಧನದ ಉತ್ತರ. ಸೂಚ್ಯ ಒಡನಾಟದಲ್ಲಿ ನಡುವೆ ಊಹೆಯ ಹಂತವೊಂದು ಸೇರುತ್ತದೆ. ಸಂವೇದಕ ಕೊಡುವುದು ಬರೀ ಅಳತೆ. ಆ ಅಳತೆಗೆ ಅರ್ಥ ಹಚ್ಚುವುದು ತಂತ್ರಾಂಶ. ವೇಗೋತ್ಕರ್ಷ ಮಾಪಕದ ಏರಿಳಿತ ಒಂದು ಲಯದಲ್ಲಿದ್ದರೆ ವ್ಯಕ್ತಿ ನಡೆಯುತ್ತಿದ್ದಾರೆ ಎಂದು ಅದು ತೀರ್ಮಾನಿಸುತ್ತದೆ. ಊಹೆ ತಪ್ಪಬಹುದು. ತಪ್ಪಿದಾಗ ಅದನ್ನು ಬಳಕೆದಾರರಿಗೆ ತಿಳಿಸುವ ಮತ್ತು ಸರಿಪಡಿಸಲು ಬಿಡುವ ದಾರಿ ಇದೆಯೇ ಇಲ್ಲವೇ ಎಂಬುದರ ಮೇಲೆ ಇಂಥ ವ್ಯವಸ್ಥೆಯ ಗುಣಮಟ್ಟ ನಿಲ್ಲುತ್ತದೆ.

ಈಗಿನ ಫೋನುಗಳಲ್ಲಿ ಸಾಮಾನ್ಯವಾಗಿ ಇರುವ ಸಂವೇದಕಗಳು: ವೇಗೋತ್ಕರ್ಷ ಮಾಪಕ, ಬೆಳಕಿನ ಸಂವೇದಕ, ಸಾಮೀಪ್ಯ ಸಂವೇದಕ, ಜಿಪಿಎಸ್ ಗ್ರಾಹಕ, ಕ್ಯಾಮೆರಾ, ಮೈಕ್. ಹಲವು ಮಾದರಿಗಳಲ್ಲಿ ದಿಕ್ಸೂಚಿ, ಗೈರೊಸ್ಕೋಪ್ ಮತ್ತು ಬೆರಳಿನ ಗುರುತು ಓದುವ ಸಂವೇದಕವೂ ಇರುತ್ತವೆ. ಬಯಲಿನಲ್ಲಿ ಫೋನಿನ ಜಿಪಿಎಸ್ ನಿಖರತೆ ಸುಮಾರು 5 ಮೀಟರ್. ಮರದ ಕೆಳಗೆ, ಕಟ್ಟಡದ ಒಳಗೆ ಅದು ಕೆಡುತ್ತದೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯಂಥ ನೆಲದಾಳದಲ್ಲಿ ಉಪಗ್ರಹದ ಸಂಕೇತ ಸಿಗುವುದೇ ಇಲ್ಲ.

ಪ್ರಕಟ ಒಡನಾಟದ ವಿಧಗಳು

ಸ್ಪರ್ಶ. ಈಗಿನ ಪರದೆಗಳು ಬೆರಳಿನ ವಿದ್ಯುತ್ ಧಾರಣ ಗುಣವನ್ನು ಅಳೆಯುತ್ತವೆ. ನೀರೂ ವಿದ್ಯುತ್ ವಾಹಕವಾದ್ದರಿಂದ ಪರದೆಯ ಮೇಲಿನ ಹನಿಯನ್ನೂ ಅವು ಬೆರಳೆಂದು ತಿಳಿಯಬಹುದು. ತುಂಗಭದ್ರಾ ಎಡದಂಡೆ ಕಾಲುವೆಯ ಸಿಂಧನೂರು ಭಾಗದಲ್ಲಿ ಭತ್ತದ ಸಸಿ ಹಚ್ಚುವ ದಿನಗಳಲ್ಲಿ, ಕೆಸರುಗೈಯಲ್ಲಿ ಟಚ್ ಫೋನ್ ಬಳಸುವುದು ಈ ಕಾರಣಕ್ಕೆ ಕಷ್ಟ. ಬಟನ್ ಫೋನಿಗೆ ಈ ತೊಡಕಿಲ್ಲ.

ಕನ್ನಡ ಬೆರಳಚ್ಚು. ಕನ್ನಡ ಲಿಪಿ 1991ರಲ್ಲಿ ಯೂನಿಕೋಡ್‌ನ ಮೊದಲ ಆವೃತ್ತಿಯಿಂದಲೇ ಅದರಲ್ಲಿದೆ. ಕರ್ನಾಟಕ ಸರ್ಕಾರ ಒಪ್ಪಿದ ನುಡಿ ಕೀಲಿಮಣೆ ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ್ದು. ಅದರಲ್ಲಿ ‘ಮಸ್ಕಿ’ ಎಂದು ಬರೆಯಲು ಎಂ, ಎಸ್, ಎಫ್, ಕೆ, ಐ ಎಂಬ ಐದು ಕೀಲಿಗಳನ್ನು ಒತ್ತಬೇಕು. ಇಲ್ಲಿ ಎಫ್ ಕೀಲಿ ಕೊಡುವುದು ಅರ್ಧಾಕ್ಷರದ ಚಿಹ್ನೆ. ಅದರಿಂದಲೇ ಸಕಾರದ ಕೆಳಗೆ ಕಕಾರದ ಒತ್ತು ಬೀಳುತ್ತದೆ. ಒತ್ತಿದ್ದೇ ಬರುತ್ತದೆ, ಊಹೆಯಿಲ್ಲ. ಲಿಪ್ಯಂತರ ಕೀಲಿಮಣೆಯಲ್ಲಿ ಅದೇ ಪದವನ್ನು ಇಂಗ್ಲಿಷ್ ಕಾಗುಣಿತದಲ್ಲಿ ಬರೆದಾಗಲೂ ಐದೇ ಅಕ್ಷರ. ಆದರೆ ‘ಮಸ್ಕಿ’, ‘ಮಾಸ್ಕಿ’, ‘ಮಸ್ಕೀ’ ಮುಂತಾದ ಸಾಧ್ಯತೆಗಳಲ್ಲಿ ಒಂದನ್ನು ತಂತ್ರಾಂಶ ಮುಂದೆ ತರುತ್ತದೆ, ಬಳಕೆದಾರರು ಹಿಂದೆ ಯಾವುದನ್ನು ಆರಿಸಿಕೊಂಡಿದ್ದರು ಎಂಬುದನ್ನೂ ನೆನಪಿಡುತ್ತದೆ. ಹೀಗೆ ಪ್ರಕಟ ಕ್ರಿಯೆಯೊಳಗೇ ಸೂಚ್ಯ ಅಂಶವೊಂದು ಕೂತಿರುತ್ತದೆ. ಐಫೋನಿಗೆ ಕನ್ನಡ ಕೀಲಿಮಣೆ 2017ರ ಐಓಎಸ್ 11ರಲ್ಲಿ ಬಂತು. ಭಾರತದಲ್ಲಿ ಮಾರುವ ಫೋನುಗಳು ಸಂವಿಧಾನದ 8ನೇ ಅನುಸೂಚಿಯ 22 ಭಾಷೆಗಳ ಪಠ್ಯವನ್ನು ತೋರಿಸಬೇಕೆಂಬ ಭಾರತೀಯ ಮಾನಕ 2016ರದು.

ಧ್ವನಿ. ಗೂಗಲ್ 2017ರ ಆಗಸ್ಟ್‌ನಲ್ಲಿ ಕನ್ನಡವೂ ಸೇರಿ ಎಂಟು ಭಾರತೀಯ ಭಾಷೆಗಳಿಗೆ ಧ್ವನಿ ಬೆರಳಚ್ಚನ್ನು ವಿಸ್ತರಿಸಿತು. ಇದಕ್ಕಿಂತಲೂ ವ್ಯಾಪಕವಾದದ್ದು ವಾಟ್ಸ್‌ಆ್ಯಪ್‌ನ ಧ್ವನಿ ಸಂದೇಶ. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ. 60ಕ್ಕಿಂತ ತುಸು ಕಡಿಮೆಯಿತ್ತು, ಮಹಿಳೆಯರದು ಶೇ. 50ರ ಒಳಗಿತ್ತು. ಓದುಬರಹ ಬಾರದವರಿಗೆ ಮೈಕ್ ಚಿತ್ರವನ್ನು ಒತ್ತಿ ಹಿಡಿದು ಮಾತಾಡಿ ಬಿಡುವುದು ಅಕ್ಷರದ ಹಂಗಿಲ್ಲದ ಪತ್ರ. ಬೆಂಗಳೂರಿಗೆ ಗುಳೆ ಹೋದವರು ಮತ್ತು ಊರಲ್ಲಿ ಉಳಿದ ಹಿರಿಯರ ನಡುವಿನ ಮಾತುಕತೆಗೆ ಧ್ವನಿ ಸಂದೇಶ ಮತ್ತು ವಿಡಿಯೊ ಕರೆ ಮುಖ್ಯ ಸಾಧನಗಳಾಗಿವೆ. ಲಿಪಿಯಿಲ್ಲದ ಲಂಬಾಣಿ ಮಾತಿಗೂ ಧ್ವನಿ ಸಂದೇಶ ಅನುಕೂಲವಾಗಿದೆ. ಸಿಂಧನೂರು ಸುತ್ತಿನ ಕ್ಯಾಂಪುಗಳಲ್ಲಿ ತೆಲುಗು ಮತ್ತು ಬಂಗಾಳಿ ಮನೆಮಾತಿನವರೂ ನೆಲೆಸಿದ್ದಾರೆ. ಒಂದೇ ಫೋನಿನಲ್ಲಿ ಎರಡು ಮೂರು ಭಾಷೆ ನಡೆಯುವ ಇಂಥ ಕಡೆ, ಒಂದೇ ಭಾಷೆಗೆ ಹೊಂದಿಸಿಟ್ಟ ಧ್ವನಿ ಗುರುತಿಸುವಿಕೆ ಎಡವುತ್ತದೆ.

ಮಿಸ್ಡ್ ಕಾಲ್. ಕರೆ ಹೋಗಿ, ಎತ್ತುವ ಮೊದಲೇ ಕಡಿದರೆ ಹಣ ಕಳೆಯುವುದಿಲ್ಲ. ಇಬ್ಬರ ನಡುವಿನ ಒಪ್ಪಂದದಿಂದ ಅದಕ್ಕೆ ಅರ್ಥ ಬರುತ್ತದೆ: ‘ತಲುಪಿದೆ’, ‘ನೀನೇ ಫೋನ್ ಹಚ್ಚು’. ಈ ರೂಢಿಯನ್ನು ಸಂಸ್ಥೆಗಳೂ ಎತ್ತಿಕೊಂಡವು. 2022ರ ಮಾರ್ಚ್ 8ರಂದು ಆರಂಭವಾದ ಯುಪಿಐ 123ಪೇ ವ್ಯವಸ್ಥೆಯಲ್ಲಿ ಬಟನ್ ಫೋನಿನಿಂದ ಹಣ ಕಳಿಸುವ ನಾಲ್ಕು ದಾರಿಗಳಲ್ಲಿ ಮಿಸ್ಡ್ ಕಾಲ್ ಒಂದು.

ಸೂಚ್ಯ ಒಡನಾಟದ ವಿಧಗಳು

ದೇಹ ಮತ್ತು ಪರಿಸರಕ್ಕೆ ಸಂಬಂಧಿಸಿದವು ಎಲ್ಲರಿಗೂ ಪರಿಚಿತ: ಬಿಸಿಲಿಗೆ ಬಂದರೆ ಪರದೆ ಬೆಳಗುವುದು, ಅಡ್ಡ ಹಿಡಿದರೆ ಚಿತ್ರ ತಿರುಗುವುದು, ಹೆಜ್ಜೆ ಎಣಿಕೆ. ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ದಾಟುವ ಈ ಭಾಗದಲ್ಲಿ ಇನ್ನೊಂದು ವರ್ತನೆಯೂ ಕಾಣುತ್ತದೆ. ಫೋನ್ ಬಿಸಿಯಾದಾಗ ತನ್ನನ್ನು ಕಾಪಾಡಿಕೊಳ್ಳಲು ಪರದೆಯ ಬೆಳಕನ್ನು ತಾನೇ ಇಳಿಸುತ್ತದೆ. ಹೊಲದ ನಡುವೆ ಬೆಳಕು ಹೆಚ್ಚು ಬೇಕಾದ ಹೊತ್ತಿಗೇ ಅದು ಕಡಿಮೆಯಾಗುತ್ತದೆ.

ಸ್ಥಳವನ್ನು ಆಧರಿಸಿದವು ಎರಡನೆಯ ಗುಂಪು. ಭೂಮಾಪನ ಇಲಾಖೆಯ ‘ದಿಶಾಂಕ್’ ಆ್ಯಪ್ ತೆರೆದು ಜಮೀನಿನಲ್ಲಿ ನಿಂತರೆ ಅದು ಯಾವ ಸರ್ವೆ ನಂಬರ್ ಎಂದು ನಕ್ಷೆಯ ಮೇಲೆ ಕಾಣಿಸುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಆ್ಯಪ್ ಬಳಕೆದಾರರಿರುವ ಜಾಗಕ್ಕೆ ಸಿಡಿಲಿನ ಅಪಾಯ ಎಷ್ಟು ಹತ್ತಿರವಿದೆ ಎಂದು ಬಣ್ಣಗಳಲ್ಲಿ ತಿಳಿಸುತ್ತದೆ. ಮೊಬೈಲ್ ಗೋಪುರದಿಂದ ಪ್ರಸಾರವಾಗುವ ತುರ್ತು ಸಂದೇಶಕ್ಕೆ ಆ್ಯಪ್ ಕೂಡ ಬೇಡ. 2023ರ ಅಕ್ಟೋಬರ್ 12ರಂದು ಕರ್ನಾಟಕದಲ್ಲಿ ಇದರ ಪರೀಕ್ಷೆ ನಡೆದಾಗ ಫೋನುಗಳು ಏಕಕಾಲಕ್ಕೆ ಜೋರಾಗಿ ಸದ್ದು ಮಾಡಿದವು. ಆ ಗೋಪುರದ ವ್ಯಾಪ್ತಿಯಲ್ಲಿ ಇರುವುದೇ ಇಲ್ಲಿ ಸಂದೇಶ ಬರಲು ಸಾಕಾದ ಕಾರಣ.

ಮೂರನೆಯ ಗುಂಪು ಗಮನವನ್ನು ಆಧರಿಸಿದ್ದು. ರೀಲ್ಸ್ ನೋಡುತ್ತಾ ಹೆಬ್ಬೆರಳು ಎಲ್ಲಿ ನಿಂತಿತು, ಯಾವುದನ್ನು ಕೊನೆಯವರೆಗೆ ನೋಡಲಾಯಿತು ಎಂಬುದು ಮುಂದಿನ ದೃಶ್ಯವನ್ನು ನಿರ್ಧರಿಸುತ್ತದೆ. ಲೈಕ್ ಒತ್ತುವುದು ಪ್ರಕಟ, ತಡೆದು ನೋಡುವುದು ಸೂಚ್ಯ. ವಾಟ್ಸ್‌ಆ್ಯಪ್ 2014ರ ನವೆಂಬರ್‌ನಲ್ಲಿ ತಂದ ನೀಲಿ ಗುರುತೂ ಈ ಗುಂಪಿನದೇ. ಓದಿದವರು ಏನೂ ಹೇಳದಿದ್ದರೂ ಓದಿದ ಸಂಗತಿ ಕಳಿಸಿದವರಿಗೆ ಮುಟ್ಟುತ್ತದೆ.

ಬೆಳೆ ಸಮೀಕ್ಷೆ

ಎರಡೂ ಬಗೆಗಳು ಒಂದೇ ಕೆಲಸದಲ್ಲಿ ಕೂಡುವುದಕ್ಕೆ ರಾಜ್ಯದ ಬೆಳೆ ಸಮೀಕ್ಷೆ ಉತ್ತಮ ನಿದರ್ಶನ. 2020ರ ಮುಂಗಾರಿನಲ್ಲಿ ‘ನನ್ನ ಬೆಳೆ ನನ್ನ ಹಕ್ಕು’ ಎಂಬ ಘೋಷಣೆಯೊಂದಿಗೆ ರೈತರೇ ಸಮೀಕ್ಷೆ ಮಾಡುವ ಆ್ಯಪ್ ಬಂತು. ಅದಕ್ಕೂ ಮೊದಲು ‘ಪಿಆರ್’ ಎಂದು ಕರೆಯುವ, ಹಳ್ಳಿಯಲ್ಲೇ ಗೊತ್ತುಮಾಡಿದ ಖಾಸಗಿ ನಿವಾಸಿಗಳು ಮೊಬೈಲ್‌ನಲ್ಲಿ ಈ ಕೆಲಸ ಮಾಡುತ್ತಿದ್ದರು. ಈಗ ಎರಡೂ ಜೊತೆಗೆ ನಡೆಯುತ್ತವೆ. ರೈತರು ತಾವೇ ಮಾಡದ ಜಮೀನನ್ನು ಪಿಆರ್‌ಗಳು ಮುಗಿಸುತ್ತಾರೆ.

ರೈತರು ಹಳ್ಳಿ, ಸರ್ವೆ ನಂಬರ್ ಮತ್ತು ಹಿಸ್ಸಾ ಆರಿಸಿ, ತಾಕಿನ ನಕ್ಷೆಯನ್ನು ಇಳಿಸಿಕೊಂಡು, ಹೊಲದೊಳಗೆ ಹೋಗಿ ಬೆಳೆಯ ಹೆಸರು, ನೀರಾವರಿಯ ಮೂಲ ನಮೂದಿಸಿ ಫೋಟೊ ತೆಗೆಯುತ್ತಾರೆ. ಇಷ್ಟು ಪ್ರಕಟ ಭಾಗ. ಫೋನ್ ನಿಜವಾಗಿಯೂ ಆ ಸರ್ವೆ ನಂಬರಿನ ಗಡಿಯೊಳಗೆ ಇದೆಯೇ ಎಂದು ಆ್ಯಪ್ ಜಿಪಿಎಸ್‌ನಿಂದ ತಾಳೆ ನೋಡುತ್ತದೆ, ಫೋಟೊಗೆ ಸ್ಥಳ ಮತ್ತು ಸಮಯವನ್ನು ಅಂಟಿಸುತ್ತದೆ. ಇದು ಸೂಚ್ಯ ಭಾಗ, ಮತ್ತು ನಮೂದನ್ನು ಒಪ್ಪುವ ಅಧಿಕಾರ ಇರುವುದು ಇದಕ್ಕೇ. ರೈತ ‘ತೊಗರಿ’ ಎಂದು ಆರಿಸಿದ್ದು ಸರಿಯಿದ್ದರೂ ಫೋನ್ ‘ನೀವು ಗಡಿಯ ಹೊರಗಿದ್ದೀರಿ’ ಎಂದು ತಿಳಿದರೆ ನಮೂದು ಮುಂದೆ ಹೋಗದು.

ಲಿಂಗಸುಗೂರು ಮತ್ತು ಮಸ್ಕಿಯ ಮಳೆಯಾಶ್ರಿತ ಎರೆ ಹೊಲಗಳು ಅಗಲವಾಗಿರುವಲ್ಲಿ 5 ಮೀಟರ್ ವ್ಯತ್ಯಾಸ ಲೆಕ್ಕಕ್ಕಿಲ್ಲ. ಅಣ್ಣತಮ್ಮಂದಿರಲ್ಲಿ ಹಂಚಿಕೆಯಾಗಿ ಉದ್ದಕ್ಕೆ ಸೀಳಿದ ಹಿಸ್ಸಾಗಳಲ್ಲಿ ಅಷ್ಟೇ ವ್ಯತ್ಯಾಸ ಬದುವಿನ ಆಚೆಗೆ ಒಯ್ಯುತ್ತದೆ. ದಾಖಲಾದ ಬೆಳೆ ಪಹಣಿಗೆ, ಬೆಳೆ ವಿಮೆಗೆ, ಬೆಂಬಲ ಬೆಲೆಯ ಖರೀದಿಗೆ ಮತ್ತು ಬೆಳೆ ಹಾನಿ ಪರಿಹಾರಕ್ಕೆ ಆಧಾರವಾಗುತ್ತದೆ. ದಾಖಲಾದದ್ದನ್ನು ನೋಡಿ ಆಕ್ಷೇಪಣೆ ಸಲ್ಲಿಸಲು ‘ಬೆಳೆ ದರ್ಶಕ’ ಆ್ಯಪ್ ಇದೆ. ರಚನೆಯ ದೃಷ್ಟಿಯಿಂದ ಇದು ಮುಖ್ಯ: ಸೂಚ್ಯ ಊಹೆಯ ತಪ್ಪನ್ನು ಪ್ರಕಟವಾಗಿ ತಿದ್ದುವ ದಾರಿ ಇಲ್ಲಿ ಉಳಿದಿದೆ.

ಉದ್ಯೋಗ ಖಾತ್ರಿ ಹಾಜರಿ

ಮಹಾತ್ಮ ಗಾಂಧಿ ಉದ್ಯೋಗ ಖಾತ್ರಿ ಯೋಜನೆಯ ಕಾಮಗಾರಿ ಸ್ಥಳಗಳಲ್ಲಿ ಕಾಗದದ ಹಾಜರಿಗೆ ಬದಲಾಗಿ ಎನ್‌ಎಂಎಂಎಸ್ ಎಂಬ ಮೊಬೈಲ್ ಹಾಜರಿ ಆ್ಯಪ್ 2021ರ ಮೇ ತಿಂಗಳಲ್ಲಿ ಬಂತು. 2023ರ ಜನವರಿ 1ರಿಂದ ಕಡ್ಡಾಯವಾಯಿತು. ದಿನಕ್ಕೆ ಎರಡು ಸಲ ಕೂಲಿಕಾರರ ಫೋಟೊವನ್ನು ಸ್ಥಳ ಮತ್ತು ಸಮಯದ ಗುರುತಿನೊಂದಿಗೆ ಕಳಿಸಬೇಕು. ಕರ್ನಾಟಕದಲ್ಲಿ ಈ ಕೆಲಸ ಕೂಲಿಕಾರರ ಗುಂಪನ್ನು ನೋಡಿಕೊಳ್ಳುವ ‘ಕಾಯಕ ಬಂಧು’ಗಳದು.

ಇಲ್ಲಿ ಒಡನಾಟದ ಪಾತ್ರಗಳು ಬೇರ್ಪಡುತ್ತವೆ. ಪರದೆ ಮುಟ್ಟುವವರು ಕಾಯಕ ಬಂಧು. ಗ್ರಹಿಕೆಗೆ ಒಳಗಾಗುವವರು ಕೂಲಿಕಾರರು. ಕೂಲಿಕಾರರ ಪಾಲಿಗೆ ಆ ಆ್ಯಪ್‌ನೊಡನೆ ಪ್ರಕಟ ಒಡನಾಟವೇ ಇಲ್ಲ, ಕ್ಯಾಮೆರಾದ ಮುಂದೆ ನಿಲ್ಲುವುದೊಂದೇ ಅವರ ಪಾಲು. ನೆಟ್‌ವರ್ಕ್ ಸಿಗದೆ ಎರಡನೆಯ ಫೋಟೊ ಹೋಗದಿದ್ದರೆ ಪೆಟ್ಟು ಬೀಳುವುದು ಅವರ ಕೂಲಿಗೆ. ಇನ್ನೊಂದು ಕಡೆ, ಸೂಚ್ಯ ಮಾಹಿತಿಯೂ ವಂಚನೆಯನ್ನು ತಾನಾಗಿ ತಡೆಯಲಿಲ್ಲ. ಸಂಬಂಧವಿಲ್ಲದ ಫೋಟೊ ಹಾಕುವುದು, ಫೋಟೊದ ಫೋಟೊ ತೆಗೆದು ಕಳಿಸುವುದು ಮುಂತಾದ ದುರುಪಯೋಗಗಳನ್ನು ಪಟ್ಟಿ ಮಾಡಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ 2025ರ ಜುಲೈನಲ್ಲಿ ಸುತ್ತೋಲೆ ಹೊರಡಿಸಿತು.

ಪಂಪ್‌ಸೆಟ್, ಅಂಗಡಿ, ಪಡಿತರ

ಪಂಪ್‌ಸೆಟ್‌ನ ಮೊಬೈಲ್ ಸ್ಟಾರ್ಟರ್ ಎಂದರೆ ಸಿಮ್ ಹಾಕಿದ ಒಂದು ಪೆಟ್ಟಿಗೆ. ರೈತರು ಅದಕ್ಕೆ ಕರೆ ಮಾಡಿ ಗೊತ್ತಾದ ಅಂಕಿ ಒತ್ತಿದರೆ ಮೋಟಾರು ಚಾಲೂ ಆಗುತ್ತದೆ, ಇನ್ನೊಂದು ಅಂಕಿಗೆ ನಿಲ್ಲುತ್ತದೆ. ತ್ರೀ ಫೇಸ್ ಕರೆಂಟ್ ಬಂದಾಗ ಅಥವಾ ಹೋದಾಗ ಪೆಟ್ಟಿಗೆಯೇ ರೈತರಿಗೆ ಸುದ್ದಿ ಮುಟ್ಟಿಸುವ ಮಾದರಿಗಳೂ, ಬಾವಿಯಲ್ಲಿ ನೀರು ತೀರಿದರೆ ಮೋಟಾರನ್ನು ತಾನೇ ನಿಲ್ಲಿಸುವ ಮಾದರಿಗಳೂ ಇವೆ. ರಾತ್ರಿ ಕರೆಂಟ್ ಕಾಯುತ್ತಾ ಹೊಲದಲ್ಲಿ ಮಲಗುವ ಅಗತ್ಯವನ್ನು ಇದು ತಗ್ಗಿಸಿದೆ. ಬಟನ್ ಫೋನಿನಿಂದಲೂ ನಡೆಯುವುದು ಇದರ ದೊಡ್ಡ ಗುಣ.

ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತುವುದು ಗಿರಾಕಿಯ ಪ್ರಕಟ ಕ್ರಿಯೆ. ಬಂದ ಮೊತ್ತವನ್ನು ಅಂಗಡಿಯಲ್ಲಿಟ್ಟ ಧ್ವನಿಪೆಟ್ಟಿಗೆ (ಸೌಂಡ್‌ಬಾಕ್ಸ್) ಕನ್ನಡದಲ್ಲಿ ಹೇಳುವುದರಿಂದ ಕೈತುಂಬ ಕೆಲಸವಿರುವ ವ್ಯಾಪಾರಿ ಫೋನ್ ಮುಟ್ಟಬೇಕಾಗಿಲ್ಲ.

ಪಡಿತರ ಅಂಗಡಿಯಲ್ಲಿ ಹೆಬ್ಬೆಟ್ಟು ಕೊಡುವುದು ಪ್ರಕಟ ಕ್ರಿಯೆಯಾದರೂ ಅದರ ಫಲ ದೇಹಕ್ಕೆ ಬಿಟ್ಟದ್ದು. ಕೃಷಿ ಕೂಲಿ, ಕಲ್ಲು ಮತ್ತು ಗಾರೆ ಕೆಲಸದಿಂದ ಬೆರಳಿನ ಗೆರೆ ಸವೆದವರನ್ನು ಯಂತ್ರ ಗುರುತಿಸದೆ ಹೋಗುತ್ತದೆ. ಅಂಥವರಿಗೆ ಮೊಬೈಲ್‌ಗೆ ಬರುವ ಒಟಿಪಿ ಪರ್ಯಾಯ. ನೋಂದಾಯಿಸಿದ ಫೋನ್ ಗುಳೆ ಹೋದ ಮಗನ ಬಳಿ ಇದ್ದರೆ ಅದೂ ಕೈಗೆಟಕದು.

ಮಧ್ಯಸ್ಥ ಒಡನಾಟ

ಸಂಶೋಧನಾ ಬರಹಗಳಲ್ಲಿ ಬಳಕೆದಾರ ಎಂದರೆ ಸಾಮಾನ್ಯವಾಗಿ ತನ್ನ ಸಾಧನವನ್ನು ತಾನೇ ಹಿಡಿದ ಒಬ್ಬ ವ್ಯಕ್ತಿ. ಈ ತಾಲ್ಲೂಕುಗಳ ವಾಡಿಕೆಗೆ ಆ ಕಲ್ಪನೆ ಪೂರ್ತಿ ಹೊಂದುವುದಿಲ್ಲ. ಒಂದು ಫೋನ್ ಮನೆಮಂದಿಗೆಲ್ಲ ಇರುತ್ತದೆ. ಅರ್ಜಿಯನ್ನು ಗ್ರಾಮ ಒನ್ ಕೇಂದ್ರ ಅಥವಾ ಝೆರಾಕ್ಸ್ ಅಂಗಡಿಯವರು ತುಂಬುತ್ತಾರೆ. ಶಾಲೆಗೆ ಹೋಗುವ ಮಕ್ಕಳು ಅಜ್ಜಿಗೆ ಕರೆ ಹಚ್ಚಿಕೊಡುತ್ತಾರೆ. ಇದರಿಂದ ಸೂಚ್ಯ ಊಹೆಗಳು ಅಡ್ಡದಾರಿ ಹಿಡಿಯುತ್ತವೆ. ಮೊಮ್ಮಗ ನೋಡಿದ ರೀಲ್ಸ್‌ನ ಜಾಡು ಹಿಡಿದು ಅಜ್ಜನಿಗೆ ಸಲಹೆಗಳು ಬರುತ್ತವೆ. ಇದಕ್ಕಿಂತ ಗಂಭೀರವಾದದ್ದು ಒಪ್ಪಿಗೆಯ ಪ್ರಶ್ನೆ: ‘ಅನುಮತಿಸಿ’ ಗುಂಡಿಯನ್ನು ಒತ್ತುವವರು ಒಬ್ಬರು, ಯಾರ ಮಾಹಿತಿ ಹೋಗುತ್ತದೋ ಅವರು ಇನ್ನೊಬ್ಬರು.

ಕಾನೂನು ಮತ್ತು ಈಗಿನ ಸ್ಥಿತಿ

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪಿತ್ತಿತು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರ ಆಗಸ್ಟ್‌ನಲ್ಲಿ ಬಂತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಒಪ್ಪಿಗೆ ಸ್ಪಷ್ಟ ಕ್ರಿಯೆಯ ಮೂಲಕವೇ ಇರಬೇಕೆಂದು ಕಾಯ್ದೆ ಹೇಳುತ್ತದೆ. ಅಂದರೆ ಸೂಚ್ಯ ಗ್ರಹಿಕೆಗೂ ಮೊದಲು ಪ್ರಕಟ ಒಪ್ಪಿಗೆ ಬೇಕು. ಆದರೆ 7ನೇ ಕಲಮು ಸಬ್ಸಿಡಿ, ಸವಲತ್ತು, ಸೇವೆ ನೀಡುವ ಸರ್ಕಾರಕ್ಕೆ ನಿಗದಿತ ಷರತ್ತುಗಳೊಂದಿಗೆ ಇದರಲ್ಲಿ ರಿಯಾಯಿತಿ ಕೊಟ್ಟಿದೆ. ಈ ತಾಲ್ಲೂಕುಗಳಲ್ಲಿ ಹಕ್ಕು ಮತ್ತು ಸವಲತ್ತಿಗೆ ನೇರವಾಗಿ ತಾಗುವ ಸ್ಥಳ ಮತ್ತು ಮುಖದ ಮಾಹಿತಿ ಬಹುಪಾಲು ಹೋಗುವುದು ಸರ್ಕಾರಿ ಆ್ಯಪ್‌ಗಳಿಗೇ ಆದ್ದರಿಂದ ಈ ರಿಯಾಯಿತಿ ಇಲ್ಲಿ ಸಣ್ಣ ವಿಷಯವಲ್ಲ.

ಗುರುತಿಸುವಿಕೆ ಬೆರಳಿನಿಂದ ಮುಖದ ಕಡೆಗೆ ಸಾಗುತ್ತಿದೆ. ಪಿಎಂ ಕಿಸಾನ್ ಆ್ಯಪ್‌ಗೆ 2023ರ ಜೂನ್‌ನಲ್ಲಿ ಮುಖ ದೃಢೀಕರಣ ಸೇರಿತು. ಅಂಗನವಾಡಿಗಳ ಪೋಷಣ್ ಟ್ರ್ಯಾಕರ್‌ನಲ್ಲೂ ಮನೆಗೆ ಒಯ್ಯುವ ಆಹಾರದ ವಿತರಣೆಗೆ ಅದನ್ನು ಬಳಸಲಾಗುತ್ತಿದೆ. ಫೋನಿನ ಕಡೆಯಿಂದ ಬಳಕೆದಾರರ ಹಿಡಿತವೂ ತುಸು ಹೆಚ್ಚಿದೆ. 2019ರ ಆಂಡ್ರಾಯ್ಡ್ 10ರಿಂದ ಆ್ಯಪ್ ತೆರೆದಿರುವಾಗ ಮಾತ್ರ ಸ್ಥಳ ತಿಳಿಸುವ ಆಯ್ಕೆ ಇದೆ. 2021ರ ಆಂಡ್ರಾಯ್ಡ್ 12ರಿಂದ ಕ್ಯಾಮೆರಾ ಅಥವಾ ಮೈಕ್ ಬಳಕೆಯಲ್ಲಿದ್ದರೆ ಪರದೆಯ ಮೂಲೆಯಲ್ಲಿ ಹಸಿರು ಗುರುತು ಕಾಣುತ್ತದೆ, ನಿಖರ ಸ್ಥಳದ ಬದಲು ಅಂದಾಜು ಸ್ಥಳ ಕೊಡಲೂಬಹುದು. ಬೆಳೆ ಸಮೀಕ್ಷೆಗೆ ಅಂದಾಜು ಸ್ಥಳ ಸಾಲದು, ನಿಖರ ಸ್ಥಳವೇ ಬೇಕು. ಸಮೀಕ್ಷೆ ಮುಗಿದ ಮೇಲೆ ಆ ಅನುಮತಿಯನ್ನು ಫೋನಿನ ಸೆಟ್ಟಿಂಗ್ಸ್‌ನಲ್ಲಿ ಹಿಂಪಡೆಯಬಹುದು.